ಐರನ್ ಗಾರ್ಡ್: ರೊಮೇನಿಯ ರಾಜ್ಯದಲ್ಲಿ ಉಗ್ರ ರಾಷ್ಟ್ರವಾದದ ಏಳಿಗೆ

ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ರೊಮೇನಿಯ ರಾಜ್ಯದಲ್ಲಿ ತಲೆಯೆತ್ತಿದ ಉಗ್ರ ರಾಷ್ಟ್ರವಾದಿ, ಯಹೂದಿ ದ್ವೇಷಿ ಚಳವಳಿಯೇ ಐರನ್ ಗಾರ್ಡ್. ಕೊರ್ನೆಲಿಯು ಝೆಲ್ಯ ಕೊಡ್ರಿಯಾನು (1899–1938) ಎಂಬ ಕಾನೂನು ಪದವೀಧರ 1927ರ ಜೂನ್ 24ರಂದು ಯಾಶ್ ನಗರದಲ್ಲಿ ಇದನ್ನು ‘ಪ್ರಧಾನ ದೇವದೂತ ಮೈಕೇಲನ ದಂಡು’ ಎಂಬ ಹೆಸರಿನಲ್ಲಿ ಹುಟ್ಟುಹಾಕಿದ. ರಾಜಕೀಯ ಕೆಲಸಕ್ಕೆಂದು 1930ರಲ್ಲಿ ಕಟ್ಟಿದ ಅಂಗಕ್ಕೆ ಐರನ್ ಗಾರ್ಡ್ ಎಂದು ಹೆಸರಿಟ್ಟ ಮೇಲೆ ಇಡೀ ಚಳವಳಿ ಹೊರಜಗತ್ತಿಗೆ ಆ ಹೆಸರಿನಲ್ಲೇ ಪರಿಚಿತವಾಯಿತು. ಅಧಿಕಾರದಲ್ಲಿದ್ದ ಇಬ್ಬರು ಪ್ರಧಾನಿಗಳನ್ನು ಕೊಂದ ಈ ಸಂಘಟನೆ 1940ರ ಸೆಪ್ಟೆಂಬರಿನಿಂದ 1941ರ ಜನವರಿಯವರೆಗೆ ತಾನೇ ಸರ್ಕಾರದಲ್ಲಿ ಕುಳಿತಿತ್ತು.

ಯಾವ ಸಾರ್ವತ್ರಿಕ ಚುನಾವಣೆಯಲ್ಲೂ ಅದು ಗೆಲ್ಲಲಿಲ್ಲ. ಅದಕ್ಕೆ ಸಿಕ್ಕ ಅತಿ ಹೆಚ್ಚಿನ ಬೆಂಬಲವೆಂದರೆ 1937ರ ಶೇ. 15.6 ಮತ. ಅಷ್ಟರಿಂದಲೇ ಅದು ಅಧಿಕಾರದವರೆಗೆ ನಡೆದುಬಂದದ್ದು ತಡೆಯಬೇಕಾದವರು ಒಬ್ಬರ ಹಿಂದೊಬ್ಬರು ದಾರಿ ಬಿಟ್ಟಿದ್ದರಿಂದ. ಕೊಲೆಗಾರನನ್ನು ಬಿಡುಗಡೆ ಮಾಡಿದ ಜ್ಯೂರಿಗಳು, ವಿದ್ಯಾರ್ಥಿಗಳ ಕಿವಿಯಲ್ಲಿ ದ್ವೇಷ ಊದಿದ ಪ್ರಾಧ್ಯಾಪಕರು, ಆಶೀರ್ವಾದ ಕೊಟ್ಟ ಪಾದ್ರಿಗಳು, ಲೆಕ್ಕ ಹಾಕಿ ಕೈಕುಲುಕಿದ ಪ್ರಜಾಪ್ರಭುತ್ವವಾದಿ ನಾಯಕರು, ಎಲ್ಲರಿಗಿಂತ ಮಿಗಿಲಾಗಿ ಸಿಂಹಾಸನದ ಮೇಲೆ ಕುಳಿತಿದ್ದ ರಾಜ, ಇವರೆಲ್ಲರ ಪಾಲೂ ಈ ಇತಿಹಾಸದಲ್ಲಿದೆ.

ಹಿನ್ನೆಲೆ

ಮೊದಲ ಮಹಾಯುದ್ಧದಲ್ಲಿ ಗೆದ್ದವರ ಪಾಳೆಯದಲ್ಲಿದ್ದ ರೊಮೇನಿಯಕ್ಕೆ 1918ರಲ್ಲಿ ಬೆಸರೇಬಿಯ, ಬುಕೊವೀನ, ಟ್ರಾನ್ಸಿಲ್ವೇನಿಯ ಪ್ರಾಂತಗಳು ಬಂದು ಸೇರಿದವು. ದೇಶದ ವಿಸ್ತೀರ್ಣ ಎರಡು ಪಟ್ಟಾಯಿತು. 1930ರ ಜನಗಣತಿಯಲ್ಲಿ ಜನಸಂಖ್ಯೆ ಒಂದು ಕೋಟಿ ಎಂಬತ್ತು ಲಕ್ಷ. ಅದರಲ್ಲಿ ರೊಮೇನಿಯನರು ಶೇ. 72ರಷ್ಟು, ಹಂಗೇರಿಯನರು ಸುಮಾರು ಶೇ. 8, ಜರ್ಮನರು ಮತ್ತು ಯಹೂದಿಗಳು ಶೇ. 4ರ ಆಸುಪಾಸು. ಐವರಲ್ಲಿ ನಾಲ್ವರು ಹಳ್ಳಿಗರು. ಏಳು ವರ್ಷ ದಾಟಿದವರಲ್ಲಿ ಓದುಬಲ್ಲವರು ಶೇ. 57. ಯುದ್ಧ ಮುಗಿದ ಮೇಲೆ ನಡೆದ ಭೂಸುಧಾರಣೆಯಲ್ಲಿ ಸುಮಾರು 60 ಲಕ್ಷ ಹೆಕ್ಟೇರ್ ಜಮೀನು ದೊಡ್ಡ ಒಡೆಯರ ಕೈತಪ್ಪಿತು. ಹಾಗೆಂದು ರೈತನ ಬಡತನ ನೀಗಲಿಲ್ಲ, ತುಂಡು ಹಿಡುವಳಿ, ಹಳೆಯ ನೇಗಿಲು, ಸಾಲ ಇವೇ ಉಳಿದವು. 1929ರ ಜಾಗತಿಕ ಕುಸಿತದಲ್ಲಿ ಧಾನ್ಯದ ಬೆಲೆ ಅರ್ಧಕ್ಕೂ ಕೆಳಗಿಳಿದಾಗ ಸಾಲ ಕುತ್ತಿಗೆಗೆ ಬಂತು. ಸರ್ಕಾರಿ ನೌಕರರ ಸಂಬಳಕ್ಕೂ ಕತ್ತರಿ ಬಿತ್ತು.

ಯಹೂದಿಗಳ ಪೌರತ್ವದ ಪ್ರಶ್ನೆ ಇನ್ನೂ ಹಳೆಯದು. 1866ರ ಸಂವಿಧಾನ ಕ್ರೈಸ್ತರಿಗೆ ಮಾತ್ರ ಪೌರತ್ವದ ಬಾಗಿಲು ತೆರೆದಿತ್ತು. ತಲೆಮಾರುಗಳಿಂದ ಅಲ್ಲೇ ಬದುಕಿದ ಯಹೂದಿ ಕುಟುಂಬಗಳು ತಮ್ಮ ಊರಿನಲ್ಲೇ ಪರದೇಶಿಗಳಾಗಿದ್ದವು. ಮಿತ್ರರಾಷ್ಟ್ರಗಳ ಒತ್ತಾಯದ ಮೇಲೆ ಕೊನೆಗೂ 1923ರ ಸಂವಿಧಾನ ಎಲ್ಲರಿಗೂ ಸಮಾನ ಹಕ್ಕು ಕೊಟ್ಟಿತು. ನ್ಯಾಯವಾಗಿ ಸಿಗಬೇಕಾದದ್ದು ಸಿಕ್ಕಿತು ಎನ್ನುವ ಬದಲು ಹೊರಗಿನವರು ನಮ್ಮ ಮೇಲೆ ಹೇರಿದರು ಎಂಬ ಮಾತು ಓದಿದವರ ನಡುವೆ ಹಬ್ಬಿತು. ಯಾಶ್‌ನ ಜನಸಂಖ್ಯೆಯಲ್ಲಿ ಯಹೂದಿಗಳು ಮೂರರಲ್ಲೊಂದು ಪಾಲು ಇದ್ದರು, ಆ ಸಿಟ್ಟಿಗೆ ಅಲ್ಲಿನ ವಿಶ್ವವಿದ್ಯಾಲಯವೇ ಕೇಂದ್ರವಾಯಿತು. ಅರ್ಥಶಾಸ್ತ್ರದ ಪ್ರಾಧ್ಯಾಪಕ ಎ. ಸಿ. ಕೂಜ ದಶಕಗಳ ಕಾಲ ತರಗತಿಯಲ್ಲೂ ಪತ್ರಿಕೆಗಳಲ್ಲೂ ಯಹೂದಿ ದ್ವೇಷವನ್ನೇ ಬೋಧಿಸಿದವನು. ದೇಶದ ಅತ್ಯಂತ ದೊಡ್ಡ ಇತಿಹಾಸಕಾರ ನಿಕೊಲಾಯ್ ಯೋರ್ಗ 1910ರಲ್ಲಿ ಇದೇ ಕೂಜನ ಜೊತೆ ಸೇರಿ ಒಂದು ರಾಷ್ಟ್ರವಾದಿ ಪಕ್ಷ ಕಟ್ಟಿದ್ದರು. ಆಮೇಲೆ ಅವರು ಆ ದಾರಿಯಿಂದ ದೂರ ಸರಿದರು.

ಶವಾಗಾರದಿಂದ ನ್ಯಾಯಾಲಯಕ್ಕೆ

ಯುದ್ಧದ ನಂತರ ವಿಶ್ವವಿದ್ಯಾಲಯಗಳಿಗೆ ವಿದ್ಯಾರ್ಥಿಗಳು ಹರಿದುಬಂದರು. ಹೆಚ್ಚಿನವರು ಹಳ್ಳಿಯ ಶಿಕ್ಷಕರ, ಪಾದ್ರಿಗಳ, ಸಣ್ಣ ರೈತರ ಮಕ್ಕಳು. ಹಾಸ್ಟೆಲ್‌ಗಳಲ್ಲಿ ಜಾಗವಿಲ್ಲ, ಕ್ಯಾಂಟೀನಿನಲ್ಲಿ ಊಟ ಸಾಲದು, ಪದವಿ ಮುಗಿದರೆ ಕೆಲಸದ ಖಾತರಿಯಿಲ್ಲ. ಪಕ್ಕದ ಬೆಂಚಿನಲ್ಲಿ ಕುಳಿತ ಪಟ್ಟಣದ ಯಹೂದಿ ಹುಡುಗ ತನ್ನ ಜಾಗ ಕಿತ್ತುಕೊಂಡ ಎಂದು ನಂಬಿಸುವುದು ಸುಲಭವಾಯಿತು. 1922ರ ಕೊನೆಯಲ್ಲಿ ಕ್ಲುಜ್ ನಗರದ ವೈದ್ಯಕೀಯ ಕಾಲೇಜಿನಲ್ಲಿ ಒಂದು ತಕರಾರು ಎದ್ದಿತು: ಅಂಗರಚನೆಯ ಪಾಠಕ್ಕೆ ಬರುವ ಶವಗಳೆಲ್ಲ ಕ್ರೈಸ್ತರವು, ಯಹೂದಿ ವಿದ್ಯಾರ್ಥಿಗಳು ತಮ್ಮ ಸಮುದಾಯದ ಶವಗಳನ್ನು ತಾವೇ ತರಲಿ. ಸತ್ತವರಲ್ಲೂ ಮತ ಹುಡುಕಿದ ಈ ಬೇಡಿಕೆ ಕೆಲವೇ ದಿನಗಳಲ್ಲಿ ದೇಶದ ಎಲ್ಲ ವಿಶ್ವವಿದ್ಯಾಲಯಗಳ ಮುಷ್ಕರವಾಗಿ ಬೆಳೆಯಿತು. ಡಿಸೆಂಬರ್ 10ರಂದು ಬುಕಾರೆಸ್ಟಿನಲ್ಲಿ ಸೇರಿದ ವಿದ್ಯಾರ್ಥಿ ಪ್ರತಿನಿಧಿಗಳು ಯಹೂದಿಗಳ ಪ್ರವೇಶಕ್ಕೆ ಮಿತಿ ಹಾಕಬೇಕೆಂದು ಹಕ್ಕೊತ್ತಾಯ ಮಂಡಿಸಿದರು. ಮುಂದೆ ಪ್ರತಿವರ್ಷ ಆ ದಿನಾಂಕವನ್ನು ಹಬ್ಬದಂತೆ ಆಚರಿಸಲಾಯಿತು, ಪ್ರತಿ ಹಬ್ಬಕ್ಕೂ ಒಂದಷ್ಟು ಅಂಗಡಿಗಳ ಗಾಜು ಒಡೆಯಿತು.

1923ರ ಮಾರ್ಚಿನಲ್ಲಿ ಕೂಜನ ನೇತೃತ್ವದಲ್ಲಿ ‘ರಾಷ್ಟ್ರೀಯ ಕ್ರೈಸ್ತ ರಕ್ಷಣಾ ಲೀಗ್’ ಹುಟ್ಟಿತು. ಸ್ವಸ್ತಿಕ ಅದರ ಲಾಂಛನ. ಸಂಘಟನೆಯ ಹೊಣೆ ಹೊತ್ತವನು ಇಪ್ಪತ್ತಮೂರರ ಹರೆಯದ ಕೊಡ್ರಿಯಾನು. ಅದೇ ವರ್ಷದ ಅಕ್ಟೋಬರಿನಲ್ಲಿ ಆತ ಮತ್ತು ಗೆಳೆಯರು ಯಹೂದಿಗಳಿಗೆ ಪೌರತ್ವ ಕೊಟ್ಟ ಮಂತ್ರಿಗಳನ್ನೂ ಯಹೂದಿ ಬ್ಯಾಂಕರುಗಳನ್ನೂ ಕೊಲ್ಲುವ ಸಂಚು ಹೂಡಿ ಸಿಕ್ಕಿಬಿದ್ದರು. ಬುಕಾರೆಸ್ಟಿನ ವಕರೆಷ್ಟ್ ಸೆರೆಮನೆಯ ಚರ್ಚಿನಲ್ಲಿ ಕಂಡ ದೇವದೂತ ಮೈಕೇಲನ ಚಿತ್ರಪಟವೇ ಮುಂದಿನ ಸಂಘಟನೆಗೆ ಹೆಸರು ಕೊಟ್ಟಿತು. ಸಂಚು ರೂಪಿಸಿದ್ದನ್ನು ಒಪ್ಪಿಕೊಂಡವರನ್ನೇ ಜ್ಯೂರಿ ಖುಲಾಸೆ ಮಾಡಿತು. ಸುಳಿವು ಕೊಟ್ಟನೆಂಬ ಶಂಕೆಯಲ್ಲಿ ಸಂಗಡಿಗನೊಬ್ಬನ ಮೇಲೆ ಸೆರೆಮನೆಯೊಳಗೇ ಗುಂಡು ಹಾರಿಸಿದ ಇಯಾನ್ ಮೊತ್ಸ ಎಂಬವನೂ ಬಿಡುಗಡೆಯಾದ.

ಯಾಶ್‌ನ ಪೊಲೀಸ್ ಮುಖ್ಯಾಧಿಕಾರಿ ಕಾನ್‌ಸ್ಟಾಂಟಿನ್ ಮಾಂಚು ವಿದ್ಯಾರ್ಥಿ ಗಲಭೆಗಳನ್ನು ಬಲವಾಗಿ ಹತ್ತಿಕ್ಕಿದವರು. 1924ರ ಮೇ ತಿಂಗಳಲ್ಲಿ ಅವರ ಪೊಲೀಸರು ಕೊಡ್ರಿಯಾನು ಮತ್ತು ಸಂಗಡಿಗರನ್ನು ಹಿಡಿದು ಹೊಡೆದರು. ಆ ಸೇಡನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದ ಕೊಡ್ರಿಯಾನು ಅಕ್ಟೋಬರ್ 25ರಂದು ವಕೀಲನಾಗಿ ಹಾಜರಾಗಿದ್ದ ನ್ಯಾಯಾಲಯದಲ್ಲೇ ಪಿಸ್ತೂಲು ತೆಗೆದು ಮಾಂಚು ಅವರನ್ನು ಕೊಂದ, ಇನ್ನಿಬ್ಬರು ಪೊಲೀಸ್ ಅಧಿಕಾರಿಗಳು ಗಾಯಗೊಂಡರು. ವಿಚಾರಣೆಯನ್ನು ಯಾಶ್‌ನಿಂದ ಫೊಕ್ಷಾನ್‌ಗೆ, ಅಲ್ಲೂ ಗಲಭೆಯಾದಾಗ ದೇಶದ ಇನ್ನೊಂದು ತುದಿಯ ಟರ್ನು ಸೆವೆರಿನ್‌ಗೆ ವರ್ಗಾಯಿಸಲಾಯಿತು. ಊರು ಬದಲಾದರೂ ಗಾಳಿ ಬದಲಾಗಲಿಲ್ಲ. ಸಾವಿರಾರು ವಕೀಲರು ಆತನ ಪರ ವಾದಿಸಲು ಹೆಸರು ಕೊಟ್ಟರು. 1925ರ ಮೇ ತಿಂಗಳಲ್ಲಿ ಜ್ಯೂರಿ ಖುಲಾಸೆ ಘೋಷಿಸಿತು. ಆ ಜ್ಯೂರಿಗಳು ತೀರ್ಪು ಹೇಳಲು ಬಂದಾಗ ಎದೆಯ ಮೇಲೆ ಸ್ವಸ್ತಿಕದ ಲಾಂಛನ ಧರಿಸಿದ್ದರೆಂದು ಕೊಡ್ರಿಯಾನು ತನ್ನ ಆತ್ಮಕಥೆಯಲ್ಲಿ ಹೆಮ್ಮೆಯಿಂದ ಬರೆದುಕೊಂಡಿದ್ದಾನೆ. ಯಾಶ್‌ಗೆ ಮರಳುವ ದಾರಿಯುದ್ದಕ್ಕೂ ರೈಲು ನಿಲ್ದಾಣಗಳಲ್ಲಿ ಜನ ಹೂ ಹಿಡಿದು ನಿಂತರು. ಜೂನಿನಲ್ಲಿ ಫೊಕ್ಷಾನ್‌ನಲ್ಲಿ ನಡೆದ ಆತನ ಮದುವೆಗೆ ಹತ್ತಾರು ಸಾವಿರ ಮಂದಿ ಸೇರಿದರು.

ಈ ಚಳವಳಿಯ ಇತಿಹಾಸದಲ್ಲಿ 1925ರ ಈ ತೀರ್ಪಿನಷ್ಟು ಹಾನಿ ಮಾಡಿದ್ದು ಬೇರೊಂದಿಲ್ಲ. ದೇಶಕ್ಕಾಗಿ ಮಾಡಿದ ಕೊಲೆ ಕೊಲೆಯಲ್ಲ ಎಂದು ಕಾನೂನಿನ ಪೀಠದಿಂದಲೇ ಸಾರಿದಂತಾಯಿತು. ಮಾಂಚು ಅವರ ಹೆಂಡತಿಯೂ ಒಬ್ಬ ನಾಗರಿಕಳು, ಆಕೆಗೂ ಈ ರಾಜ್ಯದ ನ್ಯಾಯದಲ್ಲಿ ಪಾಲಿದೆ ಎಂಬುದು ಆ ಹೂಮಳೆಯ ನಡುವೆ ಯಾರಿಗೂ ನೆನಪಾಗಲಿಲ್ಲ.

ದಂಡಿನ ರಚನೆ

ಕೂಜನಿಗೆ ಬೇಕಿದ್ದದ್ದು ಚುನಾವಣೆಗೆ ನಿಲ್ಲುವ ಪಕ್ಷ, ಕೊಡ್ರಿಯಾನುವಿಗೆ ಬೇಕಿದ್ದದ್ದು ಪ್ರಾಣ ಕೊಡುವ ಪಡೆ. ಇಬ್ಬರೂ ಬೇರೆಯಾದರು. 1927ರ ಜೂನಿನಲ್ಲಿ ಕೈಬೆರಳೆಣಿಕೆಯ ಗೆಳೆಯರೊಂದಿಗೆ ದಂಡು ಆರಂಭವಾಯಿತು. ಅದಕ್ಕೆ ಬರೆದಿಟ್ಟ ಕಾರ್ಯಕ್ರಮವೆಂಬುದೇ ಇರಲಿಲ್ಲ. ದೇಶಕ್ಕೆ ಕೊರತೆಯಿರುವುದು ಮನುಷ್ಯರದು, ಕಾರ್ಯಕ್ರಮಗಳದ್ದಲ್ಲ ಎಂಬುದು ಕೊಡ್ರಿಯಾನುವಿನ ವಾದ. ಅದೇ ವರ್ಷದ ನವೆಂಬರ್ 8ರಂದು, ದೇವದೂತ ಮೈಕೇಲನ ಹಬ್ಬದ ದಿನ, ಯಾಶ್‌ನಲ್ಲಿ ಮೊದಲ ಪ್ರಮಾಣವಚನ ನಡೆಯಿತು. ಹಳೆಯ ರಣರಂಗಗಳಿಂದ ತರಿಸಿದ ಮಣ್ಣಿನ ಪೊಟ್ಟಣಗಳನ್ನು ಒಂದೊಂದಾಗಿ ಬಿಚ್ಚಿ, ಆ ಮಣ್ಣು ಯಾವ ಊರಿನದು, ಅಲ್ಲಿ ಯಾರು ಮಡಿದರು ಎಂಬ ಪತ್ರ ಓದಿ, ಎಲ್ಲವನ್ನೂ ಒಂದೇ ಮೇಜಿನ ಮೇಲೆ ಬೆರೆಸಿದರು. ಬೆರೆತ ಮಣ್ಣನ್ನು ಸಣ್ಣ ಚರ್ಮದ ಚೀಲಗಳಲ್ಲಿ ತುಂಬಿ, ಪ್ರಮಾಣ ಮಾಡಿದವರ ಕೊರಳಿಗೆ ಕಟ್ಟಿದರು. ಹಳ್ಳಿಯ ಬಡ ಹುಡುಗನಿಗೆ ಯಾವ ಪಕ್ಷವೂ ಕೊಡದ ಗೌರವವನ್ನು ಆ ಚೀಲ ಕೊಟ್ಟಿತು ಎಂಬುದನ್ನು ಒಪ್ಪಿಕೊಳ್ಳದೆ ಈ ಚಳವಳಿಯ ಸೆಳೆತ ಅರ್ಥವಾಗದು. ಅದೇ ಡಿಸೆಂಬರಿನಲ್ಲಿ ಒರಾಡ್ಯ ನಗರದ ವಿದ್ಯಾರ್ಥಿ ಸಮ್ಮೇಳನದ ನೆಪದಲ್ಲಿ ರಾಷ್ಟ್ರವಾದಿ ವಿದ್ಯಾರ್ಥಿಗಳು ಅಲ್ಲಿನ ಯಹೂದಿ ಪ್ರಾರ್ಥನಾ ಮಂದಿರಗಳನ್ನು ಧ್ವಂಸ ಮಾಡಿದರು, ಇದೂ ಅದೇ ಕಾಲದ ಮಾತು.

ಸಂಘಟನೆಯ ಮೂಲ ಘಟಕಕ್ಕೆ ‘ಗೂಡು’ ಎಂದು ಹೆಸರು. ಮೂವರಿಂದ ಹದಿಮೂವರವರೆಗೆ ಸದಸ್ಯರು, ಒಬ್ಬ ಮುಖ್ಯಸ್ಥ. ಹಸಿರು ಅಂಗಿ, ಚಾಚಿದ ತೋಳಿನ ನಮಸ್ಕಾರ, ಹಾಡು, ಉಪವಾಸ, ಪ್ರಾರ್ಥನೆ. ಕೊಡ್ರಿಯಾನು ‘ಕ್ಯಾಪ್ಟನ್’. ಎತ್ತರದ ಆಳು, ಮಿತಭಾಷಿ. ಜಾನಪದ ಉಡುಗೆ ತೊಟ್ಟು ಬಿಳಿ ಕುದುರೆಯೇರಿ ಹಳ್ಳಿಗೆ ಬರುತ್ತಿದ್ದ, ಚರ್ಚಿನ ಮುಂದೆ ಇಳಿದು ಮಂಡಿಯೂರುತ್ತಿದ್ದ, ನಾಲ್ಕು ಮಾತಾಡಿ ಹೊರಟುಹೋಗುತ್ತಿದ್ದ. ಭಾಷಣಗಳ ಭರವಸೆಗಳಿಂದ ಬೇಸತ್ತಿದ್ದ ರೈತರಿಗೆ ಆ ಮೌನವೇ ಹಿಡಿಸಿತು. 1930ರ ದಶಕದಲ್ಲಿ ಶ್ರಮದಾನದ ಶಿಬಿರಗಳು ಬಂದವು. 1933ರ ಜುಲೈನಲ್ಲಿ ವಿಷಾನ್ ಎಂಬಲ್ಲಿ ಬುಜೌ ನದಿಯ ನೆರೆ ತಡೆಯಲು ಒಡ್ಡು ಕಟ್ಟಹೊರಟ ಯುವಕರನ್ನು ಪೊಲೀಸರು ಹೊಡೆದು ಎಳೆದೊಯ್ದರು. ರಸ್ತೆ, ಸೇತುವೆ, ಚರ್ಚು ಕಟ್ಟುವವರನ್ನು ಸರ್ಕಾರ ಹೊಡೆಯುತ್ತದೆ ಎಂಬ ಸುದ್ದಿ ದಂಡಿಗೆ ಉಚಿತ ಪ್ರಚಾರವಾಯಿತು. ಅಗ್ಗದ ದರದ ಊಟದ ಮನೆಗಳು, ಸಹಕಾರಿ ಅಂಗಡಿಗಳು ತೆರೆದವು, ಹತ್ತಿರದ ಯಹೂದಿ ಅಂಗಡಿಗೆ ಹೋಗಬೇಡಿ ಎಂಬುದು ಅವುಗಳ ಒಳಗಿನ ಸಂದೇಶ.

ಈ ಚಳವಳಿಯನ್ನು ಇಟಲಿಯ ಫ್ಯಾಸಿಸಂನಿಂದಲೂ ಜರ್ಮನಿಯ ನಾತ್ಸಿಗಳಿಂದಲೂ ಬೇರೆಯಾಗಿಸಿದ್ದು ಅದರ ಸಾವಿನ ಆರಾಧನೆ. ಸಭೆಗಳಲ್ಲಿ ಸತ್ತವರ ಹೆಸರು ಕೂಗಿದಾಗ ನೆರೆದವರೆಲ್ಲ ಅವರ ಪರವಾಗಿ ಓಗೊಡುತ್ತಿದ್ದರು. 1933ರಲ್ಲಿ ಪ್ರಚಾರಕ್ಕೆ ಹೊರಟ ತಂಡಕ್ಕೆ ಇಟ್ಟ ಹೆಸರೇ ‘ಸಾವಿನ ದಳ’. ಕೊಲ್ಲುವುದು ಪಾಪ, ಆದರೆ ದೇಶಕ್ಕಾಗಿ ಆ ಪಾಪವನ್ನೂ ಹೊತ್ತು, ಶಿಕ್ಷೆ ಅನುಭವಿಸಿ, ಆತ್ಮವನ್ನೇ ಬಲಿಕೊಡಬೇಕು ಎಂಬ ತರ್ಕ ಅದರದ್ದು. ಆರ್ಥೊಡಾಕ್ಸ್ ಚರ್ಚಿನ ಭಾಷೆಯನ್ನು ಕದ್ದು ಹಿಂಸೆಗೆ ತೊಡಿಸಿದ ಈ ಮಾತನ್ನು ಖಂಡಿಸಬೇಕಾದ ಪಾದ್ರಿಗಳಲ್ಲಿ ಅನೇಕರು ದಂಡಿನ ಸದಸ್ಯರೇ ಆಗಿದ್ದರು.

ಬೆಂಬಲಿಗರು ಎಲ್ಲಿಂದ ಬಂದರು ಎಂಬುದನ್ನು ಬುಕಾರೆಸ್ಟಿನಲ್ಲೇ ಹುಟ್ಟಿದ ಇತಿಹಾಸಕಾರ ಯೂಜೆನ್ ವೆಬರ್ ಜಿಲ್ಲಾವಾರು ಪರಿಶೀಲಿಸಿದ್ದಾರೆ. ಅವರ ಲೆಕ್ಕದಲ್ಲಿ ದಂಡು ಗಟ್ಟಿಯಾಗಿದ್ದ ಜಿಲ್ಲೆಗಳೆಲ್ಲ ಯಹೂದಿಗಳು ಹೆಚ್ಚಿರುವ ಜಿಲ್ಲೆಗಳಲ್ಲ, ಬೇರೆ ಪಕ್ಷಗಳು ಕಾಲಿಡದ, ರಸ್ತೆಯಿಲ್ಲದ, ಬಡ ಜಿಲ್ಲೆಗಳೂ ಅವುಗಳಲ್ಲಿದ್ದವು. ಗೂಡುಗಳ ಸಂಖ್ಯೆ 1935ರಲ್ಲಿ ನಾಲ್ಕು ಸಾವಿರ ಚಿಲ್ಲರೆ ಇದ್ದದ್ದು 1937ರ ಕೊನೆಗೆ ಸುಮಾರು 34,000 ಆಯಿತೆಂದೂ ಅವರು ಹೇಳುತ್ತಾರೆ.

ಪ್ರಧಾನಿಯ ಕೊಲೆ

ಕೊಡ್ರಿಯಾನು 1931ರ ಉಪಚುನಾವಣೆಯಲ್ಲಿ ನ್ಯಾಮ್ತ್ಸ್ ಜಿಲ್ಲೆಯಿಂದ ಗೆದ್ದು ಸಂಸತ್ತು ಸೇರಿದ. 1932ರಲ್ಲಿ ಪಕ್ಷಕ್ಕೆ ಐದು ಸ್ಥಾನ ಬಂದವು. ಸರ್ಕಾರಗಳು ಸಂಘಟನೆಯನ್ನು ಆಗಾಗ ನಿಷೇಧಿಸಿದವು, ಅದು ಹೆಸರು ಬದಲಿಸಿಕೊಂಡು ಮತ್ತೆ ಬಂತು. 1933ರ ನವೆಂಬರಿನಲ್ಲಿ ಪ್ರಧಾನಿಯಾದ ಉದಾರವಾದಿ ನಾಯಕ ಇಯಾನ್ ಡೂಕ ಮಾತ್ರ ಇದನ್ನು ಗಂಭೀರವಾಗಿ ತೆಗೆದುಕೊಂಡರು. ಚುನಾವಣೆಗೆ ಮೊದಲೇ ಐರನ್ ಗಾರ್ಡನ್ನು ವಿಸರ್ಜಿಸಿದರು, ಸಾವಿರಾರು ಜನರ ಬಂಧನವಾಯಿತು. ಡಿಸೆಂಬರ್ 29ರ ರಾತ್ರಿ ರಾಜನನ್ನು ಕಂಡು ಹಿಂತಿರುಗುತ್ತಿದ್ದ ಡೂಕ ಅವರನ್ನು ಸಿನಾಯ ರೈಲು ನಿಲ್ದಾಣದ ಪ್ಲಾಟ್‌ಫಾರ್ಮಿನ ಮೇಲೆ ಮೂವರು ಯುವಕರು ಗುಂಡಿಕ್ಕಿ ಕೊಂದರು. ಮೂವರಿಗೂ ಜೀವಾವಧಿ ಶಿಕ್ಷೆಯಾಯಿತು. ತಲೆಮರೆಸಿಕೊಂಡಿದ್ದು ಆಮೇಲೆ ಶರಣಾದ ಕೊಡ್ರಿಯಾನುವನ್ನು ಸೇನಾ ನ್ಯಾಯಾಲಯ 1934ರ ಏಪ್ರಿಲಿನಲ್ಲಿ ನಿರ್ದೋಷಿ ಎಂದು ಬಿಟ್ಟಿತು. ದಂಡು ‘ದೇಶಕ್ಕಾಗಿ ಸರ್ವಸ್ವ’ ಎಂಬ ಹೊಸ ಪಕ್ಷದ ಹೆಸರಿನಲ್ಲಿ ಮತ್ತೆ ಕಾಣಿಸಿಕೊಂಡಿತು.

ಒಳಗಿನ ಭಿನ್ನಮತಕ್ಕೂ ಅದೇ ಶಿಕ್ಷೆ. ಸಂಘಟನೆ ತೊರೆದು ಕೊಡ್ರಿಯಾನುವನ್ನು ಬಹಿರಂಗವಾಗಿ ಟೀಕಿಸಿದ ಮಿಹಾಯ್ ಸ್ಟೆಲೆಸ್ಕುವನ್ನು 1936ರ ಜುಲೈನಲ್ಲಿ, ಆಪರೇಷನ್ ಮಾಡಿಸಿಕೊಂಡು ಬುಕಾರೆಸ್ಟಿನ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದಾಗ, ಹತ್ತು ಮಂದಿ ನುಗ್ಗಿ ಗುಂಡು ಹಾರಿಸಿ ಕೊಡಲಿಯಿಂದ ಕೊಚ್ಚಿದರು. ಇಷ್ಟಾದ ಮೇಲೂ ಮುಂದಿನ ಚುನಾವಣೆಯಲ್ಲಿ ಆರರಲ್ಲೊಬ್ಬ ಮತದಾರ ಈ ಪಕ್ಷವನ್ನು ಆರಿಸಿಕೊಂಡ ಎಂಬುದು ಆ ಕಾಲದ ರೋಗ ಎಷ್ಟು ಆಳಕ್ಕೆ ಇಳಿದಿತ್ತು ಎಂಬುದನ್ನು ತೋರಿಸುತ್ತದೆ.

ಸ್ಪೇನಿನ ಅಂತರ್ಯುದ್ಧದಲ್ಲಿ ಫ್ರಾಂಕೋ ಪರ ಹೋರಾಡಲು ಹೋದ ದಂಡಿನ ಇಯಾನ್ ಮೊತ್ಸ ಮತ್ತು ವಸೀಲೆ ಮರೀನ್ 1937ರ ಜನವರಿ 13ರಂದು ಮ್ಯಾಡ್ರಿಡ್ ಬಳಿ ಸತ್ತರು. ಅವರ ಶವಪೆಟ್ಟಿಗೆಗಳನ್ನು ಹೊತ್ತ ರೈಲು ದೇಶದ ಪಟ್ಟಣಗಳ ಮೂಲಕ ಸಾಗಿ ಬುಕಾರೆಸ್ಟಿಗೆ ಬಂತು. ಫೆಬ್ರುವರಿಯ ಶವಯಾತ್ರೆಯಲ್ಲಿ ನೂರಾರು ಪಾದ್ರಿಗಳು, ಸಾವಿರಾರು ಹಸಿರು ಅಂಗಿಗಳು. ಜರ್ಮನಿ ಮತ್ತು ಇಟಲಿಯ ರಾಯಭಾರಿಗಳೂ ಬಂದಿದ್ದರು.

ಓದಿದವರು

ಗಲ್ಲಿಯ ಪುಂಡರ ಸಂಘಟನೆ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಬುಕಾರೆಸ್ಟ್ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರದ ಅಧ್ಯಾಪಕ ನಾಯೆ ಇಯೊನೆಸ್ಕು 1933ರ ಹೊತ್ತಿಗೆ ದಂಡಿನ ಕಡೆ ವಾಲಿದಾಗ ಆತನ ಶಿಷ್ಯರ ಇಡೀ ಪೀಳಿಗೆ ಹಿಂದೆ ನಡೆಯಿತು. ಅವರಲ್ಲಿ ಮಿರ್ಚಾ ಎಲಿಯಾಡೆ ಒಬ್ಬ. ಯೋಗ ಮತ್ತು ಪುರಾಣಗಳ ವಿದ್ವಾಂಸನಾಗಿ ಭಾರತದಲ್ಲಿ ಬಹಳ ಜನ ಬಲ್ಲ ಹೆಸರು ಇದು. 1928ರಿಂದ 1931ರವರೆಗೆ ಕಲ್ಕತ್ತದಲ್ಲಿ ಸುರೇಂದ್ರನಾಥ ದಾಸಗುಪ್ತರ ಬಳಿ ಓದಿದ ಎಲಿಯಾಡೆ ಊರಿಗೆ ಮರಳಿ, 1930ರ ದಶಕದ ಉತ್ತರಾರ್ಧದಲ್ಲಿ ದಂಡನ್ನು ಬೆಂಬಲಿಸುವ ಲೇಖನಗಳನ್ನು ಪ್ರಕಟಿಸಿದ. 1938ರಲ್ಲಿ ಕೆಲವು ತಿಂಗಳು ಬಂಧನದಲ್ಲೂ ಇದ್ದ. ಮುಂದೆ ಶಿಕಾಗೋದಲ್ಲಿ ಜಗತ್ಪ್ರಸಿದ್ಧ ಪ್ರಾಧ್ಯಾಪಕನಾದಾಗಲೂ ಈ ಅಧ್ಯಾಯದ ಬಗ್ಗೆ ನೇರವಾಗಿ ಬಾಯಿಬಿಡಲಿಲ್ಲ. ಆತನ ವಿದ್ವತ್ತನ್ನು ಗೌರವಿಸುವವರು ಈ ಮೌನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಮಿಲ್ ಚೊರಾನ್ ಇನ್ನೊಬ್ಬ. ಆತ ಮಾತ್ರ ಪ್ಯಾರಿಸಿನಲ್ಲಿ ನೆಲೆಸಿದ ಮೇಲೆ ತನ್ನ ತಾರುಣ್ಯದ ಬರಹಗಳ ಬಗ್ಗೆ ನಾಚಿಕೆ ವ್ಯಕ್ತಪಡಿಸಿದ್ದುಂಟು.

ಈ ಗೆಳೆಯರ ಬಳಗದಲ್ಲಿ ಯಹೂದಿಯಾಗಿದ್ದ ಲೇಖಕ ಮಿಹಾಯ್ಲ್ ಸೆಬಾಸ್ಟಿಯನ್ 1935ರಿಂದ 1944ರವರೆಗೆ ದಿನಚರಿ ಬರೆದರು. ನಿನ್ನೆಯವರೆಗೆ ಒಟ್ಟಿಗೆ ಕಾಫಿ ಕುಡಿದವರು ಒಬ್ಬೊಬ್ಬರಾಗಿ ಬೇರೆ ಮಾತಾಡತೊಡಗಿದ್ದನ್ನು ಹೆಸರು, ತಾರೀಕು ಸಹಿತ ಅದು ದಾಖಲಿಸುತ್ತದೆ. 1996ರಲ್ಲಿ ಅದು ಪುಸ್ತಕವಾಗಿ ಬಂದಾಗ ರೊಮೇನಿಯದಲ್ಲಿ ದೊಡ್ಡ ವಾಗ್ವಾದವೆದ್ದಿತು. ಆ ಬಳಗದ ಆಸುಪಾಸಿನಲ್ಲಿದ್ದ ಯೂಜೀನ್ ಅಯೊನೆಸ್ಕೊ ಮುಂದೆ ಬರೆದ ‘ಖಡ್ಗಮೃಗ’ ನಾಟಕದಲ್ಲಿ ಊರಿನವರೆಲ್ಲ ಒಬ್ಬರಾದ ಮೇಲೊಬ್ಬರು ಖಡ್ಗಮೃಗಗಳಾಗುತ್ತಾರೆ. ಅದರ ಬೇರು 1930ರ ದಶಕದ ಬುಕಾರೆಸ್ಟಿನಲ್ಲಿದೆ. 1938–39ರಲ್ಲಿ ಬೆಲ್ಜಿಯಮ್ಮಿನ ಚಿತ್ರಕಥೆಗಾರ ಎರ್ಜೆ ಬರೆದ ಟಿನ್‌ಟಿನ್ ಸಾಹಸವೊಂದರಲ್ಲೂ ಸಿಲ್ಡೇವಿಯ ಎಂಬ ಕಲ್ಪಿತ ರಾಜ್ಯದ ಸಿಂಹಾಸನಕ್ಕೆ ಸಂಚು ಹೂಡುವ ಪಕ್ಷದ ಹೆಸರು ಐರನ್ ಗಾರ್ಡ್. ಆ ಕಥೆಯಲ್ಲಿ ರಾಜ ನಿರಪರಾಧಿ. ನಿಜವಾದ ರೊಮೇನಿಯದಲ್ಲಿ ಹಾಗಿರಲಿಲ್ಲ.

ರಾಜ ಕರೋಲ್

ಎರಡನೆಯ ಕರೋಲ್ ಯುವರಾಜ ಪದವಿ ಬಿಟ್ಟುಕೊಟ್ಟು ದೇಶ ತೊರೆದಿದ್ದವನು. 1930ರ ಜೂನಿನಲ್ಲಿ ಹಿಂತಿರುಗಿ, ಬಾಲಕ ರಾಜನಾಗಿದ್ದ ತನ್ನ ಮಗ ಮಿಹಾಯ್‌ನನ್ನು ಇಳಿಸಿ ತಾನು ಕುಳಿತ. ಪಕ್ಷಗಳನ್ನು ಒಡೆಯುವುದು, ಸಂಸತ್ತನ್ನು ದುರ್ಬಲಗೊಳಿಸುವುದು ಆತನ ನಿತ್ಯದ ಕೆಲಸ. ಹಳೆಯ ಪಕ್ಷಗಳನ್ನು ಬೆದರಿಸಲು ದಂಡು ಉಪಯೋಗಕ್ಕೆ ಬರಬಹುದೆಂದು ಲೆಕ್ಕ ಹಾಕಿ, ವರ್ಷಗಟ್ಟಲೆ ಅದರ ವಿಷಯದಲ್ಲಿ ಕಣ್ಣುಮುಚ್ಚಿಕೊಂಡಿದ್ದ. ಆಸ್ಥಾನದ ಹತ್ತಿರದವರಿಂದ ಅದಕ್ಕೆ ಹಣವೂ ಹೋಗುತ್ತಿತ್ತು. ಅದರ ನಾಯಕತ್ವವನ್ನೇ ತನಗೆ ಒಪ್ಪಿಸಬೇಕೆಂಬ ರಾಜನ ಬಯಕೆಗೆ ಕೊಡ್ರಿಯಾನು ಸೊಪ್ಪು ಹಾಕದಾಗ ಸ್ನೇಹ ಹಗೆಯಾಯಿತು. ಕರೋಲನ ಸಂಗಾತಿ ಎಲೇನ ಲುಪೆಸ್ಕು ಯಹೂದಿ ಮೂಲದವಳೆಂಬುದು ದಂಡಿನ ಪ್ರಚಾರಕ್ಕೆ ಸಿಕ್ಕ ಇನ್ನೊಂದು ಸರಕು.

1937ರ ಡಿಸೆಂಬರ್ ಚುನಾವಣೆ ನಿರ್ಣಾಯಕವಾದದ್ದು. ಶೇ. 40 ಮತ ಗಳಿಸಿದ ಪಕ್ಷಕ್ಕೆ ಸಂಸತ್ತಿನಲ್ಲಿ ಹೆಚ್ಚುವರಿ ಸ್ಥಾನ ಕೊಡುವ ಕಾನೂನು ಅಲ್ಲಿತ್ತು. ಹೀಗಾಗಿ ಆಳುವ ಪಕ್ಷ ಎಂದೂ ಸೋಲುತ್ತಿರಲಿಲ್ಲ. ಈ ಬಾರಿ ಸರ್ಕಾರವನ್ನು ಸೋಲಿಸಲೇಬೇಕೆಂದು ರಾಷ್ಟ್ರೀಯ ರೈತ ಪಕ್ಷದ ಯೂಲಿಯು ಮಾನಿಯು ನವೆಂಬರಿನಲ್ಲಿ ಕೊಡ್ರಿಯಾನುವಿನ ಜೊತೆ ಪರಸ್ಪರ ದಾಳಿ ಮಾಡದಿರುವ ಒಪ್ಪಂದಕ್ಕೆ ಸಹಿ ಹಾಕಿದರು. ಮಾನಿಯು ಪ್ರಾಮಾಣಿಕರು, ದೇಶದ ಪ್ರಜಾಪ್ರಭುತ್ವಕ್ಕೆ ಕೊನೆಯವರೆಗೂ ಹೋರಾಡಿ ಕಮ್ಯುನಿಸ್ಟರ ಸೆರೆಮನೆಯಲ್ಲಿ ತೀರಿಕೊಂಡವರು. ಆದರೂ ಅವರ ಸಹಿ ಮಾಡಿದ ಕೆಲಸ ಒಂದೇ: ದಂಡಿಗೆ ಮರ್ಯಾದಸ್ಥರ ಸಾಲಿನಲ್ಲಿ ಕುರ್ಚಿ ಹಾಕಿಕೊಟ್ಟಿತು. ಒಪ್ಪಂದವಾದ ಕೆಲವೇ ದಿನಗಳಲ್ಲಿ ಕೊಡ್ರಿಯಾನು, ತಾನು ಗೆದ್ದ 48 ಗಂಟೆಗಳಲ್ಲಿ ರೊಮೇನಿಯ ರೋಮ್ ಮತ್ತು ಬರ್ಲಿನ್ನಿನ ಜೊತೆ ಕೈಜೋಡಿಸುತ್ತದೆ ಎಂದು ಸಾರಿದ. ಫಲಿತಾಂಶದಲ್ಲಿ ಆಳುವ ಉದಾರವಾದಿಗಳಿಗೆ ಶೇ. 35.9, ರೈತ ಪಕ್ಷಕ್ಕೆ ಶೇ. 20.4, ದಂಡಿಗೆ ಶೇ. 15.6 ಮತ್ತು 66 ಸ್ಥಾನ. ಯಾರಿಗೂ ಬಹುಮತವಿಲ್ಲ. ಕರೋಲ್ ಶೇ. 9ರಷ್ಟು ಮತ ಪಡೆದ ನಾಲ್ಕನೆಯ ಪಕ್ಷವನ್ನು ಕರೆದು ಸರ್ಕಾರ ಒಪ್ಪಿಸಿದ. ಅದು ಕವಿ ಒಕ್ಟಾವಿಯನ್ ಗೋಗ ಮತ್ತು ಅದೇ ಹಳೆಯ ಕೂಜ ಕಟ್ಟಿದ ಪಕ್ಷ. 44 ದಿನ ಬಾಳಿದ ಆ ಸರ್ಕಾರದ ಪೌರತ್ವ ಪರಿಶೀಲನೆಯ ಆದೇಶದಿಂದ ಎರಡು ಲಕ್ಷಕ್ಕೂ ಹೆಚ್ಚು ಯಹೂದಿಗಳು ಪೌರತ್ವ ಕಳೆದುಕೊಂಡರು. ಐರನ್ ಗಾರ್ಡ್ ಅಧಿಕಾರಕ್ಕೆ ಬರುವ ಮೊದಲೇ ಅದರ ಕಾರ್ಯಸೂಚಿ ಕಾನೂನಾಗಿತ್ತು.

1938ರ ಫೆಬ್ರುವರಿ 10ರಂದು ಕರೋಲ್ ಸಂಸತ್ತನ್ನು ಬದಿಗೊತ್ತಿ ತಾನೇ ಸರ್ವಾಧಿಕಾರಿಯಾದ. ಹೊಸ ಸಂವಿಧಾನ, ಪಕ್ಷಗಳ ವಿಸರ್ಜನೆ, ಆಮೇಲೆ ಒಂದೇ ಅಧಿಕೃತ ಪಕ್ಷ, ಸಮವಸ್ತ್ರದ ಯುವಪಡೆ, ಚಾಚಿದ ತೋಳಿನ ನಮಸ್ಕಾರ. ಗಾರ್ಡನ್ನು ಮುಗಿಸಲು ಅದರ ವೇಷವನ್ನೇ ರಾಜ್ಯಕ್ಕೆ ತೊಡಿಸಿದ. ಯೋರ್ಗ ಅವರಿಗೆ ಬರೆದ ಅವಮಾನಕರ ಪತ್ರದ ಮೇಲೆ ಕೊಡ್ರಿಯಾನುವನ್ನು ಏಪ್ರಿಲಿನಲ್ಲಿ ಬಂಧಿಸಿ, ಮೇ ತಿಂಗಳಲ್ಲಿ ದೇಶದ್ರೋಹದ ಆರೋಪದ ಮೇಲೆ ಹತ್ತು ವರ್ಷದ ಶಿಕ್ಷೆ ವಿಧಿಸಲಾಯಿತು. ಮಾನಿಯು ಮತ್ತು ಜನರಲ್ ಇಯಾನ್ ಆಂಟೊನೆಸ್ಕು ಆತನ ಪರ ಸಾಕ್ಷಿ ಹೇಳಿದರು. ನವೆಂಬರ್ 29–30ರ ರಾತ್ರಿ, ಕರೋಲ್ ಹಿಟ್ಲರನನ್ನು ಕಂಡು ಬಂದ ಕೆಲವೇ ದಿನಗಳಲ್ಲಿ, ಕೊಡ್ರಿಯಾನು ಹಾಗೂ ಡೂಕ ಮತ್ತು ಸ್ಟೆಲೆಸ್ಕು ಕೊಲೆಗಳ ಅಪರಾಧಿಗಳು ಸೇರಿ 14 ಮಂದಿಯನ್ನು ಸಾಗಿಸುವಾಗ ತಂಕಬೆಷ್ಟ್ ಕಾಡಿನ ಬಳಿ ಕತ್ತು ಬಿಗಿದು ಕೊಂದು, ತಪ್ಪಿಸಿಕೊಳ್ಳುವಾಗ ಗುಂಡೇಟು ಬಿತ್ತೆಂದು ಸರ್ಕಾರ ಪ್ರಕಟಿಸಿತು. ಕೊಲೆಗಡುಕರಾದರೂ ಶಿಕ್ಷೆ ಅನುಭವಿಸುತ್ತಿದ್ದ ಕೈದಿಗಳನ್ನು ಹೀಗೆ ಕೊಂದದ್ದು ಕೊಲೆಯೇ. ಬದುಕಿದ್ದಾಗ ಸೋಲಿಸಬಹುದಾಗಿದ್ದವನು ಸತ್ತು ಹುತಾತ್ಮನಾದ. 1939ರ ಸೆಪ್ಟೆಂಬರ್ 21ರಂದು ದಂಡಿನವರು ಪ್ರಧಾನಿ ಆರ್ಮಾಂಡ್ ಕಲಿನೆಸ್ಕು ಅವರನ್ನು ಬುಕಾರೆಸ್ಟಿನ ಬೀದಿಯಲ್ಲಿ ಕೊಂದು ಆಕಾಶವಾಣಿಗೆ ನುಗ್ಗಿ ಸುದ್ದಿ ಸಾರಿದರು. ಪ್ರತೀಕಾರವಾಗಿ ವಿಚಾರಣೆಯಿಲ್ಲದೆ 250ಕ್ಕೂ ಹೆಚ್ಚು ದಂಡಿನವರನ್ನು ಕೊಂದು, ಹಲವು ಶವಗಳನ್ನು ಪಟ್ಟಣಗಳ ಚೌಕದಲ್ಲಿ ಜನರ ಕಣ್ಣಿಗೆ ಬೀಳುವಂತೆ ಬಿಡಲಾಯಿತು.

ಅಧಿಕಾರದ ಐದು ತಿಂಗಳು

1940ರ ಬೇಸಿಗೆಯಲ್ಲಿ ಫ್ರಾನ್ಸ್ ಬಿತ್ತು, ರೊಮೇನಿಯದ ಆಸರೆ ಕುಸಿಯಿತು. ಜೂನ್ ಕೊನೆಯಲ್ಲಿ ಬೆಸರೇಬಿಯ ಮತ್ತು ಉತ್ತರ ಬುಕೊವೀನ ಸೋವಿಯತ್ ಒಕ್ಕೂಟಕ್ಕೆ, ಆಗಸ್ಟ್ 30ರಂದು ಉತ್ತರ ಟ್ರಾನ್ಸಿಲ್ವೇನಿಯ ಹಂಗೇರಿಗೆ, ಸೆಪ್ಟೆಂಬರಿನಲ್ಲಿ ದಕ್ಷಿಣ ಡೊಬ್ರುಜ ಬಲ್ಗೇರಿಯಕ್ಕೆ ಹೋದವು. ಗುಂಡು ಹಾರಿಸದೆ ದೇಶದ ಮೂರರಲ್ಲೊಂದು ಭಾಗ ಕಳೆದ ರಾಜನ ಮೇಲೆ ಜನ ಬೀದಿಗಿಳಿದರು. ಸೆಪ್ಟೆಂಬರ್ 6ರಂದು ಕರೋಲ್ ಸಿಂಹಾಸನ ತ್ಯಜಿಸಿ ರೈಲಿನಲ್ಲಿ ದೇಶ ಬಿಟ್ಟ. ಟಿಮಿಷ್ವಾರದಲ್ಲಿ ದಂಡಿನವರು ಆ ರೈಲಿನ ಮೇಲೂ ಗುಂಡು ಹಾರಿಸಿದರು. ಹದಿನೆಂಟರ ಮಿಹಾಯ್ ಮತ್ತೆ ರಾಜನಾದರೂ ಅಧಿಕಾರವೆಲ್ಲ ಜನರಲ್ ಆಂಟೊನೆಸ್ಕುವಿನದು. ಸೆಪ್ಟೆಂಬರ್ 14ರಂದು ‘ರಾಷ್ಟ್ರೀಯ ದಂಡಿನ ರಾಜ್ಯ’ ಘೋಷಣೆಯಾಯಿತು. ಕೊಡ್ರಿಯಾನುವಿನ ಉತ್ತರಾಧಿಕಾರಿ ಹೋರಿಯ ಸಿಮ ಉಪಪ್ರಧಾನಿ. ಅದೊಂದೇ ಕಾನೂನುಬದ್ಧ ಪಕ್ಷ.

ಆಡಳಿತ ನಡೆಸುವ ಶಕ್ತಿಯಾಗಲಿ ಆಸಕ್ತಿಯಾಗಲಿ ಅವರಲ್ಲಿ ಕಾಣಲಿಲ್ಲ. ಕಾರ್ಖಾನೆ, ಅಂಗಡಿಗಳಿಗೆ ‘ಕಮಿಸಾರ್’ಗಳನ್ನು ನೇಮಿಸಿ ಯಹೂದಿಗಳ ಆಸ್ತಿ ಕಸಿದುಕೊಂಡರು. ಹಸಿರು ಅಂಗಿಯ ಪೊಲೀಸರು ಹಿಡಿದೊಯ್ದವರನ್ನು ನೆಲಮಾಳಿಗೆಗಳಲ್ಲಿ ಹೊಡೆದು ಸಹಿ ಹಾಕಿಸಿಕೊಂಡರು. ನವೆಂಬರ್ 26–27ರ ರಾತ್ರಿ, ಕೊಡ್ರಿಯಾನುವಿನ ಅವಶೇಷವನ್ನು ಅಗೆದು ತೆಗೆಯುತ್ತಿದ್ದ ಜಿಲಾವ ಸೆರೆಮನೆಯಲ್ಲೇ ಹಳೆಯ ಆಡಳಿತದ 64 ಕೈದಿಗಳನ್ನು ಅವರ ಕೋಣೆಗಳಲ್ಲೇ ಗುಂಡಿಕ್ಕಿ ಕೊಂದರು. ಮರುದಿನ ಒಂದು ತಂಡ ಸಿನಾಯಕ್ಕೆ ಹೋಗಿ 69ರ ಯೋರ್ಗ ಅವರನ್ನು ಮನೆಯಿಂದ ಎಳೆದೊಯ್ದು, ಸ್ಟ್ರೆಜ್ನಿಕ್ ಹಳ್ಳಿಯ ಬಳಿ ಕೊಂದು ಎಸೆಯಿತು. ನೂರಾರು ಗ್ರಂಥಗಳ ಕರ್ತೃ, ಯೌವನದಲ್ಲಿ ಇದೇ ರಾಷ್ಟ್ರವಾದಕ್ಕೆ ನೀರೆರೆದವರು, ಅದೇ ಹೆಸರಿನಲ್ಲಿ ಬಂದವರ ಕೈಯಲ್ಲಿ ಸತ್ತರು. ಅರ್ಥಶಾಸ್ತ್ರಜ್ಞ ವರ್ಜಿಲ್ ಮಾದ್ಜ್ಯಾರು ಅವರ ಕೊಲೆಯೂ ಅದೇ ದಿನ ನಡೆಯಿತು.

ಆಂಟೊನೆಸ್ಕುವಿಗೆ ಬೇಕಿದ್ದದ್ದು ಶಿಸ್ತು, ಹಿಟ್ಲರನಿಗೆ ಬೇಕಿದ್ದದ್ದು ತೈಲ ಮತ್ತು ರಷ್ಯದ ಮೇಲಿನ ದಾಳಿಗೆ ನಂಬಿಕಸ್ಥ ಸೇನೆ. 1941ರ ಜನವರಿ 14ರ ಭೇಟಿಯಲ್ಲಿ ಹಿಟ್ಲರ್ ಆಂಟೊನೆಸ್ಕುವಿನ ಕಡೆ ನಿಂತ. ಜನವರಿ 21ರಂದು ದಂಡು ದಂಗೆಯೆದ್ದಿತು. ಮೂರು ದಿನಗಳಲ್ಲಿ ಸೇನೆ ಅದನ್ನು ಅಡಗಿಸಿತು. ಆ ಮೂರು ದಿನ ದಂಡಿನವರು ಬುಕಾರೆಸ್ಟಿನ ಯಹೂದಿ ಬೀದಿಗಳಿಗೆ ನುಗ್ಗಿ ಮನೆ, ಅಂಗಡಿ ಸೂರೆ ಮಾಡಿದರು, ಪ್ರಾರ್ಥನಾ ಮಂದಿರಗಳಿಗೆ ಬೆಂಕಿಯಿಟ್ಟರು. ಜಿಲಾವ ಕಾಡಿನಲ್ಲೂ ನಗರದ ಕಸಾಯಿಖಾನೆಯಲ್ಲೂ ಕೊಂದವರು ಸೇರಿ ಸುಮಾರು 125 ಯಹೂದಿಗಳು ಪ್ರಾಣ ಕಳೆದುಕೊಂಡರು. ಫೆಬ್ರುವರಿಯಲ್ಲಿ ದಂಡಿನ ರಾಜ್ಯ ರದ್ದಾಯಿತು. ಸಾವಿರಾರು ಜನರ ಬಂಧನವಾಯಿತು. ಸಿಮ ಮತ್ತು ಸಂಗಡಿಗರು ಜರ್ಮನಿಗೆ ಓಡಿದರು. ಹಿಟ್ಲರ್ ಅವರನ್ನು ಬೇಕಾದಾಗ ಬಳಸಲು ಅಲ್ಲಿ ಇಟ್ಟುಕೊಂಡ.

ನಂತರ

ದಂಡು ಹೋದರೂ ಅದು ಹಾಕಿಕೊಟ್ಟ ದಾರಿ ಉಳಿಯಿತು. 1941ರ ಜೂನ್ ಕೊನೆಯಲ್ಲಿ ಆಂಟೊನೆಸ್ಕುವಿನ ಸರ್ಕಾರದ ಅಡಿಯಲ್ಲಿ ಯಾಶ್‌ನಲ್ಲಿ ನಡೆದ ಹತ್ಯಾಕಾಂಡದಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಯಹೂದಿಗಳು ಸತ್ತರು. ಅನೇಕರು ಬಿಸಿಲಿನಲ್ಲಿ ಮುಚ್ಚಿದ ರೈಲು ಡಬ್ಬಿಗಳೊಳಗೆ ಉಸಿರುಗಟ್ಟಿ, ನೀರಿಲ್ಲದೆ ಸತ್ತವರು. ಎಲೀ ವೀಸೆಲ್ ಅಧ್ಯಕ್ಷತೆಯ ಆಯೋಗ 2004ರಲ್ಲಿ ಕೊಟ್ಟ ವರದಿಯ ಪ್ರಕಾರ ರೊಮೇನಿಯದ ಆಡಳಿತಕ್ಕೆ ಒಳಪಟ್ಟ ಪ್ರದೇಶಗಳಲ್ಲಿ ಕೊಲೆಯಾದ ಯಹೂದಿಗಳ ಸಂಖ್ಯೆ 2,80,000ರಿಂದ 3,80,000.

1944ರ ಆಗಸ್ಟ್ 23ರಂದು ರಾಜ ಮಿಹಾಯ್ ಆಂಟೊನೆಸ್ಕುವನ್ನು ಬಂಧಿಸಿ ಮಿತ್ರಕೂಟ ಸೇರಿದ. 1946ರಲ್ಲಿ ಆಂಟೊನೆಸ್ಕುವಿಗೆ ಮರಣದಂಡನೆಯಾಯಿತು, 1947ರ ಡಿಸೆಂಬರ್ 30ರಂದು ಕಮ್ಯುನಿಸ್ಟರು ರಾಜನನ್ನೂ ಇಳಿಸಿದರು. ಸಿಮ 1993ರಲ್ಲಿ ಸಾಯುವವರೆಗೆ ದೇಶದ ಹೊರಗೇ ಉಳಿದ. 1941ರ ದಂಗೆಯ ಕಾಲದಲ್ಲಿ ದಂಡಿನ ವಿದ್ಯಾರ್ಥಿ ನಾಯಕನಾಗಿದ್ದ ವಲೇರಿಯನ್ ತ್ರಿಫಾ ಅಮೆರಿಕದಲ್ಲಿ ಬಿಷಪ್ ಆಗಿ, ಗುರುತು ಬಯಲಾಗಿ 1980ರಲ್ಲಿ ಅಲ್ಲಿನ ಪೌರತ್ವ ಕಳೆದುಕೊಂಡ.

1989ರ ನಂತರ ಕೊಡ್ರಿಯಾನುವಿನ ಪುಸ್ತಕಗಳು ಮತ್ತೆ ಅಚ್ಚಾದವು. ಆತ ಸತ್ತ ತಂಕಬೆಷ್ಟ್‌ನಲ್ಲಿ ಅಭಿಮಾನಿಗಳು ಸೇರತೊಡಗಿದರು. 2002ರ ಸುಗ್ರೀವಾಜ್ಞೆ ಫ್ಯಾಸಿಸ್ಟ್ ಲಾಂಛನಗಳನ್ನೂ ಯುದ್ಧಾಪರಾಧಿಗಳ ಆರಾಧನೆಯನ್ನೂ ನಿಷೇಧಿಸಿತು. 2015ರ ತಿದ್ದುಪಡಿ ದಂಡಿನ ಚಳವಳಿಯನ್ನು ಹೆಸರಿಸಿಯೇ ಅದರೊಳಗೆ ತಂದಿತು. 2024ರ ನವೆಂಬರಿನ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತಿನಲ್ಲಿ ಮುಂದೆ ಬಂದ ಕಲಿನ್ ಜಾರ್ಜೆಸ್ಕು ಹಿಂದೆ ಕೊಡ್ರಿಯಾನು ಮತ್ತು ಆಂಟೊನೆಸ್ಕುವನ್ನು ಹೊಗಳಿದ್ದ ಮಾತುಗಳು ಆಗ ಮತ್ತೆ ಚರ್ಚೆಗೆ ಬಂದವು. ಆ ಚುನಾವಣೆಯನ್ನು, ಪ್ರಚಾರದಲ್ಲಿ ಅಕ್ರಮ ನಡೆಯಿತೆಂಬ ಬೇರೆ ಕಾರಣದ ಮೇಲೆ, ದೇಶದ ಸಾಂವಿಧಾನಿಕ ನ್ಯಾಯಾಲಯ ಡಿಸೆಂಬರ್ 6ರಂದು ರದ್ದುಪಡಿಸಿತು.